ಪರ್ಮಿಟ್ ರೂಮಿನ ಒಳಗೋಡೆ: ಪಾರಂಪರಿಕ ಕಟ್ಟಡಗಳಲ್ಲಿನ ಹಳೆಯ ಪಾನಗೃಹಗಳ ಒಳಾಂಗಣ ಜೀರ್ಣೋದ್ಧಾರ

ಮುಂಬಯಿ ಮಹಾನಗರದಲ್ಲಿ ನೆಲೆಸಿದ ತುಳು-ಕನ್ನಡಿಗರ ಬದುಕಿನಲ್ಲಿ ಹೋಟೆಲ್ ಉದ್ಯಮವು ಪಡೆದಿರುವ ಸ್ಥಾನವನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿ ಹೋಟೆಲುಗಳ ಇಡ್ಲಿ, ದೋಸೆ, ಫಿಲ್ಟರ್ ಕಾಫಿಗಳ ಕುರಿತು ಸಾಕಷ್ಟು ಬರೆಯಲಾಗಿದೆ. 1942ರಿಂದ ಮಾಟುಂಗಾದಲ್ಲಿ ನಡೆದುಬಂದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಎಲೆಯ ಊಟವಂತೂ ಮರಾಠಿ, ಇಂಗ್ಲಿಷ್ ಪತ್ರಿಕೆಗಳಿಗೂ ಚಿರಪರಿಚಿತ ವಿಷಯ. ಆದರೆ ಅದೇ ಬಾಂಧವರು ದಶಕಗಳಿಂದ ನಡೆಸಿಕೊಂಡು ಬಂದ ಇನ್ನೊಂದು ಬಗೆಯ ಉದ್ಯಮದ ವಿಚಾರದಲ್ಲಿ ನಾವೆಲ್ಲರೂ ತುಸು ಸಂಕೋಚದಿಂದ ಮೌನವಾಗಿದ್ದೇವೆ. ಅದು ಪರ್ಮಿಟ್ ರೂಮ್. ಮಕ್ಕಳ ಶಾಲೆಯ ಶುಲ್ಕ, ಊರಿನ ಮನೆಯ ಹೆಂಚು, ದೈವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ವಂತಿಗೆ ಮುಂತಾದವುಗಳಿಗೆ ಎಷ್ಟೋ ಕುಟುಂಬಗಳಲ್ಲಿ ಆಧಾರವಾಗಿದ್ದ ಆ ಕೋಣೆಯ ಬಗ್ಗೆ ನಮ್ಮ ಸಭೆಗಳಲ್ಲಿ ಯಾರೂ ಮಾತೆತ್ತುವುದಿಲ್ಲ.

ಈ ಲೇಖನವು ಮದ್ಯಪಾನದ ಪರವಾದುದಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇವೆ. ನಮ್ಮ ವಿಷಯ ಕಟ್ಟಡ. ಅದರಲ್ಲೂ ಕಟ್ಟಡದ ಒಳಭಾಗ. ನಾವು ವಾಸಿಸುವ ಬೇಲಾಪುರದಲ್ಲಿ ನೂರು ವರ್ಷದ ಪಾನಗೃಹವಿಲ್ಲ. ಕೊಲ್ಲಿಯ ದಂಡೆಯ ಮೇಲಿರುವ ಹಳೆಯ ಕೋಟೆಯ ಅವಶೇಷವನ್ನು ಬಿಟ್ಟರೆ ಇಲ್ಲಿ ನಾವು ಕಾಣುವುದೆಲ್ಲ ಬಹುತೇಕ 1970ರಲ್ಲಿ ಸ್ಥಾಪನೆಯಾದ ಸಿಡ್ಕೊ ಸಂಸ್ಥೆಯು ರೂಪಿಸಿದ ನವನಗರ. ಆದರೆ ಬೇಲಾಪುರ, ನೆರೂಲ್, ವಾಶಿಗಳಲ್ಲಿ ಮನೆ ಮಾಡಿಕೊಂಡು, ಬೆಳಗ್ಗೆ ಹಾರ್ಬರ್ ಮಾರ್ಗದ ಲೋಕಲ್ ಹಿಡಿದು ಫೋರ್ಟ್, ಕೊಲಾಬಾ, ಗಿರ್ಗಾಂವ್ ಕಡೆಯ ತಮ್ಮ ಹೋಟೆಲಿಗೆ ಹೋಗುವವರು ನಮ್ಮಲ್ಲಿ ಇದ್ದಾರೆ. ಅವರ ಹೋಟೆಲು ಇರುವ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿ ಸೇರಿರುವುದು ಅಪರೂಪವೇನಲ್ಲ. ಈಗ ಎರಡನೆಯ, ಮೂರನೆಯ ತಲೆಮಾರು ಗಲ್ಲಾದ ಮೇಲೆ ಕುಳಿತಿದೆ. ‘ರಿನೊವೇಶನ್ ಮಾಡಿಸೋಣ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತಿದೆ. ಅಂಥವರಿಗೆ ಉಪಯೋಗವಾಗಲೆಂದು ಈ ವಿವರಗಳನ್ನು ಸಂಗ್ರಹಿಸಿದ್ದೇವೆ.

ಕಾನೂನು ಕಟ್ಟಿದ ಕೋಣೆ

ಪರ್ಮಿಟ್ ರೂಮ್ ಎಂಬ ಹೆಸರು 1949ರ ಮುಂಬಯಿ ಪಾನನಿರೋಧ ಕಾಯಿದೆಯಿಂದ ಬಂದುದು. ಅಂದಿನ ಮುಂಬಯಿ ರಾಜ್ಯದಲ್ಲಿ ಪಾನನಿರೋಧ ಜಾರಿಯಾದಾಗ, ಪರವಾನಗಿ ಪತ್ರವುಳ್ಳ ವ್ಯಕ್ತಿ ಮಾತ್ರ ಮದ್ಯವನ್ನು ಕೊಳ್ಳಬಹುದಿತ್ತು, ಕುಡಿಯಬಹುದಿತ್ತು. ಆರೋಗ್ಯ ರಕ್ಷಣೆಗೆ ಮದ್ಯ ಅಗತ್ಯವೆಂಬ ಕಾರಣವನ್ನು ಮುಂದೊಡ್ಡಿ ಈ ಪತ್ರ ಪಡೆಯುವ ಪದ್ಧತಿ ಬೆಳೆಯಿತು. 1951ರಲ್ಲಿ ಬಾಲ್ಸಾರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯ ಕೆಲವು ಅಂಶಗಳನ್ನು ರದ್ದುಪಡಿಸಿತಾದರೂ ಮುಖ್ಯ ಚೌಕಟ್ಟು ಉಳಿಯಿತು. ಮುಂದಿನ ದಶಕಗಳಲ್ಲಿ ನಿಯಮಗಳು ಸಡಿಲಗೊಂಡವು; ಕಾಯಿದೆಯ ಹೆಸರಿನಲ್ಲಿ ಮುಂಬಯಿಯ ಬದಲು ಮಹಾರಾಷ್ಟ್ರ ಬಂದಿತು; ಆದರೆ ಪರ್ಮಿಟ್ ಎಂಬ ಕಾಗದ ಇಂದಿಗೂ ಕಾಯಿದೆಯಲ್ಲಿದೆ. ಕುಡಿಯುವವರಲ್ಲಿ ಎಷ್ಟು ಜನ ಅದನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಕೇಳುವುದಿಲ್ಲ.

ಈ ಕಾನೂನು ಹೋಟೆಲಿನ ಒಳಾಂಗಣವನ್ನೇ ಬದಲಿಸಿತು. ಮುಂಭಾಗದಲ್ಲಿ ಊಟ, ಉಪಾಹಾರ, ಚಹಾ. ಹಿಂಭಾಗದಲ್ಲಿ ಅಥವಾ ಮೇಲಿನ ಮಾಳಿಗೆಯಲ್ಲಿ ಬೇರೆಯೇ ಒಂದು ಕೋಣೆ. ಎರಡರ ನಡುವೆ ಎದೆಮಟ್ಟದವರೆಗೆ ಮರದ ಹಲಗೆ, ಅದರ ಮೇಲೆ ಆಚೆಯದು ಕಾಣದ ಮಂಜುಗಾಜು, ನೂಕಿದರೆ ತಾನೇ ಮುಚ್ಚಿಕೊಳ್ಳುವ ಅರ್ಧಬಾಗಿಲು. ಕುಟುಂಬ ಸಮೇತ ಬಂದವರ ಕಣ್ಣಿಗೆ ಗ್ಲಾಸು ಬೀಳಬಾರದು. ಒಳಗೆ ಕುಳಿತವನ ಮುಖ ಬೀದಿಗೆ ಕಾಣಬಾರದು. ಇವು ಅಲಂಕಾರಕ್ಕಾಗಿ ಮಾಡಿದವುಗಳಲ್ಲ. ಒಂದು ಕಾಯಿದೆಯೂ ಅದರ ಜೊತೆಗಿದ್ದ ಲಜ್ಜೆಯೂ ಸೇರಿ ಬಡಗಿಯ ಕೈಯಿಂದ ಮಾಡಿಸಿದ ವಸ್ತುಗಳು. ಇಂದು ನವೀಕರಣದ ಹೆಸರಿನಲ್ಲಿ ಮೊತ್ತಮೊದಲು ಕಿತ್ತು ಹೊರಹಾಕುವುದು ಇದೇ ಪಾರ್ಟಿಷನ್ನನ್ನು.

ಇಂಗ್ಲೆಂಡಿನಲ್ಲಿಯೂ ಇದೇ ನಡೆದಿದೆ ಎಂಬುದು ಗಮನಾರ್ಹ. ವಿಕ್ಟೋರಿಯಾ ರಾಣಿಯ ಕಾಲದ ಪಬ್ಬುಗಳಲ್ಲಿ ಮೇಲುವರ್ಗದವರಿಗೊಂದು, ಕೂಲಿಕಾರರಿಗೊಂದು ಕೋಣೆಯಿರುತ್ತಿತ್ತು. ಗೌಪ್ಯ ಬಯಸುವವರಿಗೆ ಪುಟ್ಟ ಗೂಡಿನಂತಹ ಕೋಣೆಗಳಿದ್ದವು. ಗಲ್ಲಾದ ಆಚೆಗೆ ನಿಂತವನ ಮುಖ ಕಾಣದಂತೆ ಕಣ್ಣಿನ ಮಟ್ಟದಲ್ಲಿ ತಿರುಗುವ ಗಾಜಿನ ಫಲಕಗಳಿದ್ದವು. ಇಪ್ಪತ್ತನೆಯ ಶತಮಾನದ ನಡುವಿನಿಂದ ಬಿಯರ್ ಕಂಪನಿಗಳು ಅವುಗಳನ್ನೆಲ್ಲ ಒಡೆದು ಒಂದೇ ದೊಡ್ಡ ಹಾಲ್ ಮಾಡಿದವು. ಉಳಿದವು ಬೆರಳೆಣಿಕೆಯಷ್ಟಾದಾಗ ಜನರಿಗೆ ಎಚ್ಚರವಾಯಿತು. 1971ರಲ್ಲಿ ಆರಂಭವಾದ ‘ಕಾಮ್ರಾ’ ಎಂಬ ಬಿಯರ್ ಗ್ರಾಹಕರ ಸಂಘವು ಮುಂದೆ ಐತಿಹಾಸಿಕ ಒಳಾಂಗಣವುಳ್ಳ ಪಬ್ಬುಗಳ ಪಟ್ಟಿಯನ್ನೇ ಸಿದ್ಧಪಡಿಸಿತು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ‘ಕ್ರೌನ್’ ಪಾನಗೃಹವನ್ನು 1978ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡುಕೊಂಡಿತು. ಅದರ ಹತ್ತು ಮರದ ಗೂಡುಗಳು, ಬೆಂಕಿಕಡ್ಡಿ ಗೀರಲು ಹಾಕಿದ ಲೋಹದ ತಗಡು, ಪರಿಚಾರಕನನ್ನು ಕರೆಯುವ ಗಂಟೆ, ಗ್ಯಾಸ್ ದೀಪ ಎಲ್ಲವನ್ನೂ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಎದುರಿನ ಹೋಟೆಲಿನ ಮೇಲೆ ನಡೆದ ಬಾಂಬ್ ದಾಳಿಗಳಲ್ಲಿ ಗಾಜುಗಳು ಒಡೆದಾಗಲೆಲ್ಲ ಮತ್ತೆ ಮಾಡಿಸಲಾಯಿತು. ಅದು ಇಂದಿಗೂ ಬಿಯರ್ ಕೊಡುವ ಅಂಗಡಿಯೇ ಹೊರತು ವಸ್ತುಸಂಗ್ರಹಾಲಯವಲ್ಲ.

ಪಟ್ಟಿ ಏನನ್ನು ಕಾಯುತ್ತದೆ?

ಅಲ್ಲಿಗೂ ಇಲ್ಲಿಗೂ ಇರುವ ಮುಖ್ಯ ವ್ಯತ್ಯಾಸ ಕಾನೂನಿನದು. ಇಂಗ್ಲೆಂಡಿನಲ್ಲಿ ಕಟ್ಟಡ ಪಟ್ಟಿಗೆ ಸೇರಿತೆಂದರೆ ಅದರ ಒಳಭಾಗವೂ ರಕ್ಷಣೆಗೆ ಒಳಪಡುತ್ತದೆ. 2020ರಲ್ಲಿ ಲಿವರ್‌ಪೂಲಿನ ಫಿಲ್‌ಹಾರ್ಮೊನಿಕ್ ಪಬ್ಬಿಗೆ ಅತ್ಯುನ್ನತವಾದ ಒಂದನೆಯ ದರ್ಜೆ ದೊರಕಿತು. ಅದರ ಒಳಗಿನ ಕೆತ್ತನೆ, ತಾಮ್ರದ ಫಲಕ, ಗಾರೆಯ ಕುಸುರಿ ಇದಕ್ಕೆ ಮುಖ್ಯ ಕಾರಣ.

ಮುಂಬಯಿಯ ಪಾರಂಪರಿಕ ನಿಯಮಾವಳಿ 1995ರದು. ಭಾರತದ ನಗರಗಳಲ್ಲಿ ಇಂತಹ ನಿಯಮಾವಳಿ ಮೊದಲು ಬಂದದ್ದು ಇಲ್ಲಿಯೇ. ಮೂರು ದರ್ಜೆಗಳಿವೆ, ಎರಡನೆಯದರಲ್ಲಿ ಎ, ಬಿ ಎಂಬ ಉಪವಿಭಾಗಗಳಿವೆ. ಒಂದನೆಯ ದರ್ಜೆಯಲ್ಲಿ, ಕಟ್ಟಡದ ಬಲವರ್ಧನೆಗೆ ಅನಿವಾರ್ಯವಾದ ಹೊರತು ಒಳಗೂ ಹೊರಗೂ ಕೈಹಚ್ಚುವಂತಿಲ್ಲ. ಎರಡನೆಯದರಲ್ಲಿ ಒಳಗಿನ ಬದಲಾವಣೆಗೆ ಕಟ್ಟುನಿಟ್ಟಾದ ಪರಿಶೀಲನೆಯ ನಂತರ ಅವಕಾಶವುಂಟು. ಮೂರನೆಯದರಲ್ಲಿ ಒಳಭಾಗದ ಬದಲಾವಣೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಮ್ಮವರ ಸಾಧಾರಣ ಹೋಟೆಲುಗಳಿರುವುದು ಹೆಚ್ಚಾಗಿ ಈ ಕೆಳಗಿನ ದರ್ಜೆಗಳ ಕಟ್ಟಡಗಳಲ್ಲಿ. ಅಂದರೆ ಹೊರಗಿನ ಕಮಾನನ್ನು ಪಾರಂಪರಿಕ ಸಮಿತಿ ಕಾಯುತ್ತದೆ. ಒಳಗಿನ ಬೆಂಚು, ನೆಲ, ಕನ್ನಡಿ, ಪಾರ್ಟಿಷನ್ನುಗಳನ್ನು ಕಾಯುವವರು ಯಾರೂ ಇಲ್ಲ. ಪಾನಗೃಹದ ಮಟ್ಟಿಗೆ ಬೆಲೆಯುಳ್ಳದ್ದು ಒಳಗೇ ಇರುವುದರಿಂದ, ಅದು ಉಳಿಯುವುದೂ ಅಳಿಯುವುದೂ ಗಲ್ಲಾದ ಮೇಲೆ ಕುಳಿತ ಕುಟುಂಬದ ತೀರ್ಮಾನಕ್ಕೆ ಬಿಟ್ಟದ್ದು ಎಂಬುದೇ ಈ ಲೇಖನದಲ್ಲಿ ನಾವು ಹೇಳಬಯಸುವ ಮುಖ್ಯ ಸಂಗತಿ.

ಅಂತಹ ತೀರ್ಮಾನಗಳು ಹೇಗಿರಬಹುದೆಂಬುದಕ್ಕೆ ಕೊಲಾಬಾದಲ್ಲಿಯೇ ಎರಡು ಒಳ್ಳೆಯ ಉದಾಹರಣೆಗಳಿವೆ. ಎರಡೂ ಇರಾನಿ ಮೂಲದವು. 1871ರ ಲಿಯೊಪೋಲ್ಡ್ ಕೆಫೆಯ ಮೇಲೆ 2008ರ ನವೆಂಬರ್ 26ರ ರಾತ್ರಿ ಉಗ್ರರು ಗುಂಡಿನ ಮಳೆಗರೆದರು. ಕೆಲವೇ ದಿನಗಳಲ್ಲಿ ಅಂಗಡಿ ಮತ್ತೆ ತೆರೆಯಿತು. ಗೋಡೆಯ ಮೇಲಿನ ಗುಂಡಿನ ಗುರುತುಗಳನ್ನು ಮಾಲೀಕರು ಮುಚ್ಚಿಸಲಿಲ್ಲ. ಹಿಡಿಯಷ್ಟು ಗಾರೆಯಿಂದ ಅರ್ಧ ದಿನದಲ್ಲಿ ಮುಗಿಯುವ ಕೆಲಸವನ್ನು ಮಾಡದೆ ಬಿಟ್ಟದ್ದೂ ಒಂದು ಬಗೆಯ ಒಳಾಂಗಣ ವಿನ್ಯಾಸವೇ ಎಂದು ನಾವು ತಿಳಿಯುತ್ತೇವೆ. ಅಲ್ಲಿಗೆ ಸಮೀಪದ ಕೆಫೆ ಮೊಂಡೆಗಾರ್ 1932ರದು. ಅದರ ಎದುರುಬದುರಿನ ಗೋಡೆಗಳ ಮೇಲೆ ಮಾರಿಯೊ ಮಿರಾಂಡಾ ಅವರ ಚಿತ್ರಗಳಿವೆ: ಒಂದರಲ್ಲಿ ಮುಂಬಯಿಯ ಬದುಕು, ಇನ್ನೊಂದರಲ್ಲಿ ಅದೇ ಕೆಫೆಯ ಒಳಗಿನ ನೋಟ. ಅವು 1990ರ ದಶಕದ ಆರಂಭದವು. ಅಂದರೆ ಅಂಗಡಿಗೆ ಸುಮಾರು ಅರವತ್ತು ವರ್ಷ ತುಂಬಿದ ಮೇಲೆ ಸೇರಿಸಿದವು. ಹಳೆಯದನ್ನು ಕೆಡಿಸದೆ ಹೊಸದನ್ನು ಸೇರಿಸಿದರೆ ಅದೂ ಪರಂಪರೆಯಾಗುತ್ತದೆ. 2011ರಲ್ಲಿ ಕಲಾವಿದರು ತೀರಿಕೊಂಡ ನಂತರ ಆ ಗೋಡೆಗಳ ಬೆಲೆ ಎಷ್ಟೆಂದು ಹೇಳುವುದು ಕಷ್ಟ.

ಇದಕ್ಕೆ ವಿರುದ್ಧವಾದ ಉದಾಹರಣೆ ಕಾಲಾಘೋಡಾದ ಬಳಿಯ ವಾಟ್ಸನ್ ಹೋಟೆಲು. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಭಾಗಗಳನ್ನು ಹಡಗಿನಲ್ಲಿ ತಂದು ಜೋಡಿಸಿದ ಕಟ್ಟಡ ಅದು. ಕೆಳಮಹಡಿಯಲ್ಲಿ ಊಟದ ಮನೆ, ಪಾನಗೃಹ. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲಬಾರಿಗೆ ಪ್ರದರ್ಶನಗೊಂಡದ್ದು ಇಲ್ಲಿಯೇ. ಹೋಟೆಲು ಮುಚ್ಚಿದ ಮೇಲೆ ಒಳಭಾಗವನ್ನು ತುಂಡುತುಂಡು ಮಾಡಿ ವಕೀಲರ ಕಚೇರಿ, ಅಂಗಡಿ, ಬಿಡಾರಗಳಿಗೆ ಬಾಡಿಗೆಗೆ ಕೊಡಲಾಯಿತು. ಎರಡನೆಯ ‘ಎ’ ದರ್ಜೆಯ ಪಟ್ಟಿಯಲ್ಲಿದ್ದರೂ 2005ರಲ್ಲಿ ಅದರ ಒಂದು ಭಾಗ ಕುಸಿದು ಒಬ್ಬರು ಮೃತಪಟ್ಟರು. 2019ರಲ್ಲಿ ಉಚ್ಚ ನ್ಯಾಯಾಲಯದ ಆದೇಶದಂತೆ ಅದನ್ನು ಪೂರ್ತಿಯಾಗಿ ತೆರವುಗೊಳಿಸಲಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಟ್ಟಡ ನಿಲ್ಲುವುದಿಲ್ಲ.

ನಮ್ಮ ರಾಜಧಾನಿಯ ಕಥೆಯೂ ಹೆಮ್ಮೆಪಡುವಂಥದ್ದಲ್ಲ. ಬೆಂಗಳೂರು ದಂಡುಪ್ರದೇಶದ ಕಾಕ್‌ಬರ್ನ್ ರಸ್ತೆಯಲ್ಲಿ 1933ರಲ್ಲಿ ಆರಂಭವಾಗಿದ್ದ, ಬೆತ್ತದ ಕುರ್ಚಿಗಳಿಗೆ ಹೆಸರಾಗಿದ್ದ ಡೀವಾರ್ಸ್ ಬಾರ್ ಉಳಿಯಲಿಲ್ಲ. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಜಾಗ ಕಳೆದುಕೊಂಡು ಚರ್ಚ್ ಸ್ಟ್ರೀಟಿಗೆ ಹೋಯಿತು. ಬೆಂಗಳೂರು ಕ್ಲಬ್ಬಿನವರು ಮಾತ್ರ ಚರ್ಚಿಲ್ ತೀರಿಸದೆ ಹೋದ 13 ರೂಪಾಯಿ ಬಾಕಿಯ ಲೆಕ್ಕಪುಸ್ತಕವನ್ನು ಇನ್ನೂ ಜೋಪಾನವಾಗಿಟ್ಟಿದ್ದಾರೆ. ನಮ್ಮ ಹೋಟೆಲುಗಳ ಹಳೆಯ ಉದ್ರಿ ಪುಸ್ತಕಗಳನ್ನು ಯಾರಾದರೂ ಇಟ್ಟಿದ್ದಾರೆಯೇ?

ನೆಲ, ಗೋಡೆ, ಚಾವಣಿ, ಮರ

ಕೆಲವು ವರ್ಷಗಳ ಹಿಂದೆ ಫೋರ್ಟ್ ಪ್ರದೇಶದ ಒಂದು ಹಳೆಯ ಪರ್ಮಿಟ್ ರೂಮಿನ ನವೀಕರಣವನ್ನು ನಾವು ಹತ್ತಿರದಿಂದ ಕಂಡೆವು. ಕೆಲಸ ವಹಿಸಿಕೊಂಡ ಗುತ್ತಿಗೆದಾರನು ಎಂಟು ದಿನಗಳಲ್ಲಿ ಮುಗಿಸಿಕೊಟ್ಟನು. ಚಿತ್ತಾರದ ನೆಲದ ಮೇಲೆ ಸಿಮೆಂಟ್ ಸುರಿದು ಹೊಳೆಯುವ ಟೈಲ್ಸ್ ಹಾಕಲಾಯಿತು. ಸಾಗುವಾನಿ ಪಾರ್ಟಿಷನ್ ಗುಜರಿಗೆ ಹೋಯಿತು. ಮೇಲೆ ಜಿಪ್ಸಮ್ಮಿನ ಕೃತಕ ಚಾವಣಿ ಬಂತು. ಎರಡನೆಯ ಮಳೆಗಾಲದಲ್ಲಿ ಆ ಚಾವಣಿಯ ಒಂದು ಮೂಲೆ ಕೆಳಗೆ ಬಿತ್ತು. ತೆಗೆದು ನೋಡಿದರೆ ಮೇಲಿನ ಮನೆಯ ಬಚ್ಚಲಿನ ನೀರು ಇಳಿದು, ಗೋಡೆಯೊಳಗೆ ಹೂತಿದ್ದ ತೊಲೆಗಳ ತುದಿಗಳು ಕೊಳೆತಿದ್ದವು. ಮೊದಲಿನಂತೆ ತೊಲೆಗಳು ಕಣ್ಣಿಗೆ ಕಾಣುತ್ತಿದ್ದರೆ ಮೊದಲ ತಿಂಗಳಲ್ಲಿಯೇ ಕಲೆ ಕಾಣುತ್ತಿತ್ತು, ಹೆಚ್ಚೆಂದರೆ ಒಬ್ಬ ಪ್ಲಂಬರನ ಕೂಲಿಯಲ್ಲಿ ಮುಗಿಯುತ್ತಿತ್ತು. ಆದುದರಿಂದ ಚಾವಣಿಯ ವಿಷಯವನ್ನೇ ಮೊದಲು ಹೇಳುತ್ತೇವೆ. ಹಳೆಯ ಮರದ ತೊಲೆ, ಹಲಗೆಗಳ ಚಾವಣಿಯನ್ನಾಗಲಿ, ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಕಮಾನಿರುವ ಚಾವಣಿಯನ್ನಾಗಲಿ ಮುಚ್ಚಬಾರದು. ಮರದ ತೊಲೆಗೆ ಅಪಾಯವಿರುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಸೇರುವ ತುದಿಯಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಸೂಜಿಯಂತಹ ಚೂಪಾದ ಉಳಿಯಿಂದ ಚುಚ್ಚಿ ನೋಡಬೇಕು. ಒಳಗೆ ಮೆತ್ತಗಿದ್ದರೆ ತಜ್ಞರನ್ನು ಕರೆಯಬೇಕು. ಎತ್ತರದ ಚಾವಣಿ ಮತ್ತು ಉದ್ದ ಸರಳಿನ ಪಂಕ ಬಿಸಿಗಾಳಿಯನ್ನು ತಲೆಯಿಂದ ಮೇಲಿಡುತ್ತವೆ ಎಂಬುದೂ ನೆನಪಿರಲಿ.

ನೆಲದ ಚಿತ್ತಾರದ ಟೈಲ್ಸುಗಳು ಸುಟ್ಟ ಮಣ್ಣಿನವಲ್ಲ, ಸಿಮೆಂಟಿನವು. ಹಿತ್ತಾಳೆಯ ಅಚ್ಚಿನಲ್ಲಿ ಬಣ್ಣದ ಸಿಮೆಂಟ್ ಹೊಯ್ದು, ಅದರ ಮೇಲೆ ಒಣ ಮಿಶ್ರಣ ಹಾಕಿ, ಯಂತ್ರದಲ್ಲಿ ಒತ್ತಿ, ನೀರಿನಲ್ಲಿ ನೆನೆಸಿ ಗಟ್ಟಿ ಮಾಡಿದವು. ಬಣ್ಣದ ಪದರ ಕೆಲವೇ ಮಿಲಿಮೀಟರು. ಈ ಕೈಗಾರಿಕೆ ನಮ್ಮ ನೆರೆಯದೇ: ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ 1922ರಲ್ಲಿ ಸಿಧ್ವಾ ಮನೆತನದವರು ಸ್ಥಾಪಿಸಿದ ಭಾರತ್ ಟೈಲ್ಸ್ ಕಾರ್ಖಾನೆ ಮೊದಲು ನಡೆದದ್ದು ಉರಣದಲ್ಲಿ. ಇಂತಹ ನೆಲವನ್ನು ಆ್ಯಸಿಡ್ ಹಾಕಿ ತೊಳೆಯುವುದು ಬಣ್ಣವನ್ನೇ ತೊಳೆದಂತೆ. ಮೃದುವಾದ ಸಾಬೂನು, ನೀರು ಸಾಕು. ಯಂತ್ರದಿಂದ ಪದೇ ಪದೇ ಪಾಲಿಶ್ ಮಾಡಿಸಿದರೆ ಚಿತ್ತಾರ ಸವೆದು ಬೂದು ಸಿಮೆಂಟ್ ಕಾಣುತ್ತದೆ. ಒಡೆದ ಟೈಲ್ಸುಗಳಿದ್ದಲ್ಲಿ ಒಂದು ಉಪಾಯವುಂಟು. ಗೋಡೆಯ ಅಂಚಿನ, ಕಪಾಟಿನ ಅಡಿಯ ಒಳ್ಳೆಯ ಟೈಲ್ಸುಗಳನ್ನು ಜಾಗರೂಕತೆಯಿಂದ ಎಬ್ಬಿಸಿ ನಡುವಿಗೆ ತಂದು, ಅಂಚಿಗೆ ಹೊಸದಾಗಿ ಮಾಡಿಸಿದವುಗಳನ್ನು ಹಾಕುವುದು. ಹಳೆಯ ಮಾದರಿ ಕೊಟ್ಟರೆ ಅಂಥದ್ದೇ ಮಾಡಿಕೊಡುವವರು ಇಂದಿಗೂ ಇದ್ದಾರೆ. ಬಾಗಿಲಿನಿಂದ ಗಲ್ಲಾದವರೆಗೆ ಗ್ರಾಹಕರ ಕಾಲು ಸವೆಸಿದ ದಾರಿಯೊಂದು ನೆಲದಲ್ಲಿ ಇರುತ್ತದೆ. ಅದನ್ನು ಸಮ ಮಾಡಿಸಲೇಬೇಕೆಂದಿಲ್ಲ.

ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮುಂಬಯಿಯ ಮಳೆಗಾಲದಲ್ಲಿ ಅವು ತೇವ ಹೀರುತ್ತವೆ, ಬಿಸಿಲು ಬಂದಾಗ ಬಿಡುತ್ತವೆ. ಅವುಗಳ ಮೇಲೆ ಸಿಮೆಂಟಿನ ಗಿಲಾವು, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವಕ್ಕೆ ಹೊರಬರಲು ದಾರಿಯಿಲ್ಲ. ಅದು ಉಪ್ಪಿನೊಡನೆ ಒಳಗೇ ಕೂತು ಇಟ್ಟಿಗೆಯನ್ನು ತಿನ್ನುತ್ತದೆ. ಗೋಡೆಗೆ ರೋಗವಿದೆ ಎಂದು ಮೇಸ್ತ್ರಿ ಮತ್ತಷ್ಟು ಸಿಮೆಂಟ್ ಹಚ್ಚುತ್ತಾನೆ. ಸುಣ್ಣದ ಗಿಲಾವಿಗೆ ಸುಣ್ಣದ್ದೇ ದುರಸ್ತಿ, ಮೇಲೆ ಸುಣ್ಣದ ಬಣ್ಣ: ಇದು ಹಿಂದಿನವರ ಪದ್ಧತಿ, ಇಂದಿನ ತಜ್ಞರ ಸಲಹೆಯೂ ಹೌದು. ಗೋಡೆಯ ಮೂಲ ಬಣ್ಣ ಯಾವುದೆಂದು ತಿಳಿಯಬೇಕಾದರೆ ಬಾಗಿಲಿನ ಹಿಂದೆ ಅಂಗೈಯಗಲದ ಜಾಗದಲ್ಲಿ ಪದರಪದರವಾಗಿ ಕೆರೆದು ನೋಡಬಹುದು.

ಮರದ ಕೆಲಸದಲ್ಲಿ ತಪ್ಪು ಆಗುವುದು ಹೆಚ್ಚಾಗಿ ಪಾಲಿಶಿನಲ್ಲಿ. ಅರಗಿನಿಂದ ಬರುವ ಶೆಲ್ಯಾಕನ್ನು ಸ್ಪಿರಿಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಉಜ್ಜುವ ಹಳೆಯ ಲೇಪಕ್ಕೆ ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುತ್ತಾರೆ. ಪಾರ್ಟಿಷನ್, ಕಪಾಟು, ಬಾಗಿಲುಗಳಿಗೆ ಅದಕ್ಕಿಂತ ಉತ್ತಮವಾದುದು ಇಲ್ಲ. ಕಲೆಯಾದಲ್ಲಿ ಮಾತ್ರ ಮತ್ತೆ ಉಜ್ಜಿದರೆ ಹಳೆಯದರೊಡನೆ ಬೆರೆತುಹೋಗುತ್ತದೆ. ಆದರೆ ಸ್ಪಿರಿಟಿನಲ್ಲಿ ಕರಗುವ ವಸ್ತು ವಿಸ್ಕಿಯಲ್ಲಿಯೂ ಕರಗುತ್ತದೆ! ಗ್ಲಾಸು ಇಡುವ ಹಲಗೆಗೆ ಅದು ಸಲ್ಲದು. ಹಿಂದಿನವರು ಮೇಜಿನ ಮೇಲೆ ಅಮೃತಶಿಲೆ ಹಾಕಿಸಿದ್ದರ ಹಿಂದೆ ಇಂತಹ ವಿವೇಕವೂ ಇದ್ದಿರಬೇಕು. ಆ ಕಲ್ಲಿಗೆ ಆಗದಿರುವುದು ಹುಳಿ. ನಿಂಬೆರಸ, ವಿನೆಗರ್ ಬಿದ್ದ ಕೂಡಲೇ ಒರೆಸದಿದ್ದರೆ ಹೊಳಪು ಹೋಗಿ ಮಂಕು ಬಳೆ ಉಳಿಯುತ್ತದೆ. ಬಾಗಿಸಿದ ಮರದ ಕುರ್ಚಿಗಳು 1859ರಲ್ಲಿ ಮೈಕೆಲ್ ಥೋನೆಟ್ ರೂಪಿಸಿದ ಮಾದರಿಯ ಸಂತತಿ. ಸ್ಕ್ರೂಗಳಿಂದ ಜೋಡಿಸಿದವಾದ್ದರಿಂದ ಬಿಚ್ಚಿ ಬಿಗಿ ಮಾಡಬಹುದು, ಮೊಳೆ ಹೊಡೆಯಬಾರದು. ಬೆತ್ತದ ಆಸನ ಹರಿದರೆ ನೇಯಿಸಬಹುದು. ಪ್ಲೈವುಡ್ ತುಂಡು ಹಾಕಿಸುವುದು ಸುಲಭ, ಆದರೆ ಒಂದು ಗಂಟೆ ಕುಳಿತವನಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಪಾರ್ಟಿಷನ್ನಿನ ಒಂದೆರಡು ಹಲಗೆ, ಹಿತ್ತಾಳೆಯ ಹಿಡಿ ಕಳೆದಿದ್ದರೆ ಓಶಿವರಾದ ಹಳೆಯ ಪೀಠೋಪಕರಣಗಳ ಪೇಟೆಯಲ್ಲಿಯೋ ಚೋರ್ ಬಜಾರಿನಲ್ಲಿಯೋ ಜೊತೆ ಹುಡುಕಬಹುದು. ಕನ್ನಡಿಯ ಅಂಚಿನ ಕಪ್ಪು ಚುಕ್ಕೆಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಬದಲಾಗಲೇಬೇಕಾದುದು

ಹಳೆಯದೆಲ್ಲವೂ ಪವಿತ್ರವೆಂದು ನಾವು ಹೇಳುತ್ತಿಲ್ಲ. 2017ರ ಡಿಸೆಂಬರ್ 29ರ ನಡುರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮೇಲ್ಚಾವಣಿ ರೆಸ್ಟೋರೆಂಟುಗಳಲ್ಲಿ ಎದ್ದ ಬೆಂಕಿಗೆ 14 ಜನ ಬಲಿಯಾದರು. ಸುಲಭವಾಗಿ ಹೊತ್ತಿಕೊಳ್ಳುವ ಅಲಂಕಾರ ಸಾಮಗ್ರಿಯೂ ಹೊರದಾರಿಯ ಕೊರತೆಯೂ ಸೇರಿದರೆ ಏನಾಗುತ್ತದೆಂಬುದನ್ನು ಅಂದು ನಗರವು ಕಂಡಿತು. ಮರದ ಚಾವಣಿಯ ಹಳೆಯ ಕಟ್ಟಡದಲ್ಲಿ ಈ ಭಯ ಇನ್ನೂ ಹೆಚ್ಚು. ಆದುದರಿಂದ ವಿದ್ಯುತ್ ತಂತಿಗಳನ್ನು ಪೂರ್ತಿ ಹೊಸದು ಮಾಡಿಸಬೇಕು. ಗೋಡೆ ಕೊರೆಯದೆ ಹೊರಗಿನಿಂದ ಲೋಹದ ಕೊಳವೆಯಲ್ಲಿ ಎಳೆದರೆ ಗೋಡೆಯೂ ಉಳಿಯಿತು, ದುರಸ್ತಿಯೂ ಸುಲಭ. ಅಡುಗೆಮನೆಯ ಹೊಗೆಕೊಳವೆಯ ಒಳಗೆ ಜಿಡ್ಡು ಕಟ್ಟಿಕೊಳ್ಳುವುದು ಬೆಂಕಿಗೆ ದೊಡ್ಡ ಕಾರಣ. ಅದನ್ನು ನಿಯಮಿತವಾಗಿ ಬಿಚ್ಚಿ ತೊಳೆಯಲು ಅನುಕೂಲವಾಗುವಂತೆ ಕಟ್ಟಡದ ಹಿಂಬದಿಯಲ್ಲಿ ಒಯ್ಯಬೇಕು. ಸರಕುಪೆಟ್ಟಿಗೆಗಳನ್ನು ಒಟ್ಟಿ ಮುಚ್ಚಿಹೋದ ಹಿಂಬಾಗಿಲನ್ನು ತೆರವುಗೊಳಿಸುವುದಕ್ಕೆ ಯಾವ ವಿನ್ಯಾಸಗಾರನೂ ಬೇಕಾಗಿಲ್ಲ.

ಇನ್ನೊಂದು ಮಾತು. ಹಳೆಯ ಪರ್ಮಿಟ್ ರೂಮುಗಳಲ್ಲಿ ಮಹಿಳೆಯರಿಗೆ ಶೌಚಾಲಯ ಇರುತ್ತಿದ್ದುದು ಅಪರೂಪ. ಅವರು ಅಲ್ಲಿಗೆ ಬರುವುದಿಲ್ಲವೆಂದೇ ಆ ಕೋಣೆಯನ್ನು ಕಟ್ಟಲಾಗಿತ್ತು. ಇಂದು ಬರುತ್ತಾರೆ, ಊಟಕ್ಕಾದರೂ ಬರುತ್ತಾರೆ, ಕೆಲಸಕ್ಕೂ ಬರುತ್ತಾರೆ. ಹಾಗೆಯೇ ಮೇಲೆ ಮಾಳಿಗೆಯಲ್ಲಿ ತಲೆ ಬಗ್ಗಿಸಿ ಮಲಗುತ್ತಿದ್ದ ಊರಿನ ಹುಡುಗರ ಜಾಗವನ್ನು ನೆನಪಿಗಾಗಿ ಉಳಿಸಿಕೊಳ್ಳಬೇಕೆಂದು ಯಾರಾದರೂ ವಾದಿಸಿದರೆ, ಅಲ್ಲಿ ಮಲಗಿ ಬಂದ ನಮ್ಮ ಹಿರಿಯರು ಒಪ್ಪಲಾರರು. ಪಾರ್ಟಿಷನ್ನಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಹೀಗಿದೆ: ಮರ, ಗಾಜು ಇರಲಿ, ಅರ್ಧಬಾಗಿಲಿನ ಚಿಲಕವನ್ನು ತೆಗೆಯಬಹುದು. ಸೇರಿಸುವುದೇನಿದ್ದರೂ ಮುಂದೆ ಮೂಲಕ್ಕೆ ಧಕ್ಕೆಯಾಗದಂತೆ ಬಿಚ್ಚಿ ತೆಗೆಯುವಂತಿರಬೇಕು ಎಂಬುದು ಸಂರಕ್ಷಣೆಯ ಮೂಲಸೂತ್ರ. ಆಸ್ಟ್ರೇಲಿಯಾದ ತಜ್ಞರು 1979ರಲ್ಲಿ ರೂಪಿಸಿದ ಬರ್ರಾ ಸನದು, ಅಗತ್ಯವಿದ್ದಷ್ಟನ್ನು ಮಾಡಿ, ಆದಷ್ಟೂ ಕಡಿಮೆ ಬದಲಿಸಬೇಕೆಂದು ಹೇಳುತ್ತದೆ. ಖರ್ಚಿನ ದೃಷ್ಟಿಯಿಂದಲೂ ನಮ್ಮವರಿಗೆ ಇದು ಒಪ್ಪಿಗೆಯಾಗಬಹುದು.

ಬಾಡಿಗೆ, ಪರವಾನಗಿ, ನಕ್ಷೆ

ದಕ್ಷಿಣ ಮುಂಬಯಿಯಲ್ಲಿ ಹೋಟೆಲು ನಡೆಸುವವರು ಬಹಳಷ್ಟು ಕಡೆ ಕಟ್ಟಡದ ಒಡೆಯರಲ್ಲ. ಪಗಡಿ ಕೊಟ್ಟು ಬಂದ ಬಾಡಿಗೆದಾರರು. ಹಳೆಯ ದರದ ಬಾಡಿಗೆ ಪಡೆಯುವ ಒಡೆಯನಿಗೆ ದುರಸ್ತಿಯಲ್ಲಿ ಆಸಕ್ತಿಯಿಲ್ಲ, ನಾಳೆ ಕಟ್ಟಡ ಯಾರ ಪಾಲಾಗುವುದೋ ಎಂಬ ಅನುಮಾನದಿಂದ ಬಾಡಿಗೆದಾರನಿಗೆ ಧೈರ್ಯವಿಲ್ಲ. ಈ ತೊಡಕಿಗೆ ವಿನ್ಯಾಸದಲ್ಲಿ ಪರಿಹಾರವಿಲ್ಲ. ಆದರೆ ಪಾರ್ಟಿಷನ್, ಮೇಜು, ಕುರ್ಚಿ, ಕನ್ನಡಿ, ಕಪಾಟುಗಳು ಸಾಮಾನ್ಯವಾಗಿ ಹೋಟೆಲಿನವರ ಸ್ವಂತದವು. ಒಡೆಯನ ಕಟ್ಟಡವೇನೇ ಆಗಲಿ, ಇವುಗಳನ್ನು ಕಾಪಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಕಟ್ಟಡಕ್ಕೆ ಕೈಹಚ್ಚುವ ಕೆಲಸಕ್ಕೆ ಮಾತ್ರ ಪಾಲಿಕೆಯ ಪಾರಂಪರಿಕ ವಿಭಾಗ, ಅಗ್ನಿಶಾಮಕ ದಳ, ಪರ್ಮಿಟ್ ರೂಮಾದರೆ ಅಬಕಾರಿ ಇಲಾಖೆಯ ಒಪ್ಪಿಗೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಕ್ಷೇಮ.

ಅಬಕಾರಿ ಕಡತ ಇನ್ನೊಂದು ಕಾರಣಕ್ಕೂ ಮುಖ್ಯ. ಲೈಸೆನ್ಸ್ ಪಡೆಯುವಾಗ ಸಲ್ಲಿಸಿದ ನಕ್ಷೆಯಲ್ಲಿ ಯಾವ ಗೋಡೆ ಎಲ್ಲಿತ್ತು, ಬಾಗಿಲು ಎಷ್ಟಗಲ, ಕೌಂಟರ್ ಯಾವ ಕಡೆ ಎಂಬುದೆಲ್ಲ ಇರುತ್ತದೆ. ಮನೆಯ ಕಪಾಟಿನಲ್ಲಿ ತಂದೆಯವರ ಕಾಲದ ಪ್ರತಿ ಸಿಕ್ಕಿದರೆ ಅದನ್ನು ಹಳೆಯ ರದ್ದಿ ಎಂದು ಕೊಡಬೇಡಿ. ಲಂಡನ್ನಿನ ಮೈಡಾ ವೇಲ್ ಬಡಾವಣೆಯ ಕಾರ್ಲ್‌ಟನ್ ಟ್ಯಾವರ್ನ್ ಎಂಬ ಪಬ್ಬನ್ನು, ಅದು ಪಟ್ಟಿಗೆ ಸೇರುವ ಹೊತ್ತಿನಲ್ಲಿಯೇ, 2015ರಲ್ಲಿ ಅದರ ಮಾಲೀಕ ಕಂಪನಿ ಅನುಮತಿಯಿಲ್ಲದೆ ಕೆಡವಿತು. ಸ್ಥಳೀಯ ಆಡಳಿತವು ಇದ್ದಂತೆಯೇ ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಕಟ್ಟಬೇಕೆಂದು ಆಜ್ಞೆ ಮಾಡಿತು. 2021ರಲ್ಲಿ ಅದು ಪುನಃ ತೆರೆಯಿತು. ಹಾಗೆ ಕಟ್ಟಲು ಸಾಧ್ಯವಾದದ್ದು ಕೆಡವುವ ಮೊದಲೇ ಅದರ ವಿವರಗಳನ್ನು ದಾಖಲಿಸಿಟ್ಟಿದ್ದರಿಂದ.

ಆದುದರಿಂದ ಮೇಸ್ತ್ರಿಯನ್ನು ಕರೆಯುವ ಮುನ್ನ ಮಾಡಬೇಕಾದ ಕೆಲಸವೆಂದರೆ ದಾಖಲೆ. ನಾಲ್ಕೂ ಗೋಡೆಗಳ, ಚಾವಣಿಯ, ನೆಲದ ಛಾಯಾಚಿತ್ರಗಳು, ಅಳತೆಯ ನಕ್ಷೆ, ಪಾರ್ಟಿಷನ್ನಿನ ಪ್ರತಿ ಹಲಗೆಯ ಹಿಂದೆ ಸೀಸದ ಕಡ್ಡಿಯಲ್ಲಿ ಬರೆದ ಸಂಖ್ಯೆ, ಬಿಚ್ಚಿದ ಪ್ರತಿ ಹಿಡಿ, ತಿರುಗಣೆಗೆ ಕಟ್ಟಿದ ಚೀಟಿ. ಹಳೆಯ ಪರಿಚಾರಕರು ಊರಿನಲ್ಲಿದ್ದರೆ ಅವರನ್ನೂ ಕೇಳಬೇಕು. ಯಾವ ಮೇಜಿನಲ್ಲಿ ಯಾರು ಕುಳಿತುಕೊಳ್ಳುತ್ತಿದ್ದರು, ಕನ್ನಡಿ ಮೊದಲು ಎಲ್ಲಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ವ್ಯಾಪಾರ ನಿಲ್ಲಿಸಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಹೋಟೆಲಿನವರು ಕೇಳುವುದು ಸಹಜ. ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಪರ್ಮಿಟ್ ರೂಮುಗಳಿಗೆ ಹೇಗೂ ರಜೆ. ಮಳೆಯ ಆರ್ಭಟವೂ ಆ ಹೊತ್ತಿಗೆ ಇಳಿದಿರುತ್ತದೆ. ಬಾಗಿಲು ಹಾಕಿದ ಆ ಒಂದು ದಿನ ಟೇಪು, ಕ್ಯಾಮೆರಾ, ಒಂದು ನೋಟುಪುಸ್ತಕ ಹಿಡಿದು ಮನೆಯವರೆಲ್ಲ ಹೋದರೆ ಸಾಯಂಕಾಲದೊಳಗೆ ಮುಗಿಯುತ್ತದೆ. ಸುಣ್ಣದ ಗಿಲಾವು ಒಣಗಲು ವಾರಗಳೇ ಬೇಕಾಗುವುದರಿಂದ ಗೋಡೆಯ ಕೆಲಸವನ್ನು ದೀಪಾವಳಿಯ ನಂತರ, ಮೊದಲು ಹಿಂದಿನ ಕೋಣೆ, ಅದು ಮುಗಿದ ಮೇಲೆ ಮುಂದಿನದು ಎಂಬ ಕ್ರಮದಲ್ಲಿ ಆರಂಭಿಸಬಹುದು.